ಬ್ರಿಸ್ಕೆಟ್ ಬೆಲೆ ಏರುತ್ತಲೇ ಇದೆ. ಮನೆಯ ಬಾರ್ಬೆಕ್ಯೂವನ್ನು ನಡೆಸಿಕೊಂಡು ಹೋಗುವುದು ಹೇಗೆ?

ಟೆಕ್ಸಾಸ್‌ಗೆ ಬಂದ ಮೇಲೆ ಹಿತ್ತಲಿನಲ್ಲಿ ಸ್ಮೋಕರ್ (ಸೌದೆಯ ಹೊಗೆಯಲ್ಲಿ ನಿಧಾನವಾಗಿ ಬೇಯಿಸುವ ಒಲೆ) ಇಟ್ಟುಕೊಂಡು ಬ್ರಿಸ್ಕೆಟ್, ಅಂದರೆ ದನದ ಎದೆಯ ಭಾಗದ ಮಾಂಸ, ಮಾಡುವುದನ್ನು ಕಲಿತಿದ್ದೀರೆಂದೂ, ತಿಂಗಳಿಗೊಮ್ಮೆ ಸ್ನೇಹಿತರನ್ನು ಕರೆದು ಬಡಿಸುತ್ತೀರೆಂದೂ, ಬೀಫ್ ಬೆಲೆ ಹೀಗೆಯೇ ಏರುತ್ತಿದ್ದರೆ ಕಡಿಮೆ ದರ್ಜೆಯ ಮಾಂಸಕ್ಕೆ ಇಳಿಯಬೇಕೇ, ಚಕ್ ರೋಸ್ಟ್ ಎಂಬ ಭುಜದ ಭಾಗವನ್ನು ಹಿಡಿಯಬೇಕೇ, ಅಥವಾ ಇದನ್ನು ಬಿಟ್ಟೇಬಿಡಬೇಕೇ ಎಂದೂ ಕೇಳಿದ್ದೀರಿ. ಮುಂದಿನ ತಿಂಗಳು ಇಪ್ಪತ್ತೈದು ಜನರ ಊಟವಿದೆ, ಅವರಲ್ಲಿ ಸುಮಾರು ಅರ್ಧದಷ್ಟು ಜನ ಮಾತ್ರ ಬೀಫ್ ತಿನ್ನುವವರು ಎಂದೂ ಬರೆದಿದ್ದೀರಿ. ನಾನು ಆಸ್ಟಿನ್ ಸುತ್ತಮುತ್ತ ಬಹಳ ವರ್ಷಗಳಿಂದ ಇದ್ದು ಇದೇ ಲೆಕ್ಕಾಚಾರದಲ್ಲಿ ತೊಡಗಿರುವವನಾದ್ದರಿಂದ ಸ್ವಲ್ಪ ವಿವರವಾಗಿಯೇ ಉತ್ತರಿಸುತ್ತೇನೆ.

ನನ್ನ ಅಭಿಪ್ರಾಯದಲ್ಲಿ ಮೂರೂ ಬೇಡ. ಇಡೀ ಬ್ರಿಸ್ಕೆಟ್ ಅನ್ನೇ ಕೊಳ್ಳಿ, ಆದರೆ ವರ್ಷದಲ್ಲಿ ಕೆಲವೇ ಸಲ ಕೊಳ್ಳಿ. ಕೊಂಡಾಗ ಅದರ ಒಂದು ಚೂರೂ ಕಸದ ಬುಟ್ಟಿಗೆ ಹೋಗದಂತೆ ನೋಡಿಕೊಳ್ಳಿ. ಊಟದ ಭಾರವನ್ನೆಲ್ಲ ಅದೊಂದರ ಮೇಲೆಯೇ ಹೊರಿಸಬೇಡಿ.

ಮೊದಲು ಲೆಕ್ಕ. ಅಂಗಡಿಯ ಚೀಟಿಯ ಮೇಲೆ ಬರೆದಿರುವ ಪೌಂಡಿನ ದರವನ್ನು ನೋಡಿ ತೀರ್ಮಾನಿಸುವವರು ಮೋಸ ಹೋಗುತ್ತಾರೆ, ಏಕೆಂದರೆ ತಟ್ಟೆಗೆ ಬರುವ ಮಾಂಸದ ದರವೇ ಬೇರೆ. ಉದಾಹರಣೆಗೆ, ಪೌಂಡಿಗೆ ಐದೂವರೆ ಡಾಲರ್‌ನಂತೆ 14 ಪೌಂಡಿನ ಇಡೀ ಬ್ರಿಸ್ಕೆಟ್ ತಂದಿರಿ ಎಂದುಕೊಳ್ಳೋಣ; 77 ಡಾಲರ್ ಆಯಿತು. ಹೊರಗಿನ ಗಟ್ಟಿ ಕೊಬ್ಬನ್ನೂ, ಅಂಚಿನ ತೆಳು ಭಾಗವನ್ನೂ ಕತ್ತರಿಸಿ ತೆಗೆದಾಗ ಸುಮಾರು ಮೂರು ಪೌಂಡ್ ಹೋಗುತ್ತದೆ. ಉಳಿದ 11 ಪೌಂಡ್ ಹತ್ತು ಹನ್ನೆರಡು ತಾಸು ಹೊಗೆಯಲ್ಲಿ ಬೇಯುವಾಗ ನೀರನ್ನೂ ಕೊಬ್ಬನ್ನೂ ಕಳೆದುಕೊಂಡು ಏಳು ಪೌಂಡಿನ ಆಸುಪಾಸಿಗೆ ಇಳಿಯುತ್ತದೆ. ಅಂದರೆ ತಿನ್ನಲು ಸಿಗುವುದು ಕೊಂಡದ್ದರ ಅರ್ಧ, ಅದರ ನಿಜವಾದ ದರ ಪೌಂಡಿಗೆ 11 ಡಾಲರ್.

ಇದೇ ಲೆಕ್ಕವನ್ನು ಚಕ್ ರೋಸ್ಟ್‌ಗೆ ಹಾಕಿ ನೋಡಿ. ಬ್ರಿಸ್ಕೆಟ್ ದುಬಾರಿಯಾದರೆ ಚಕ್ ತೆಗೆದುಕೊಳ್ಳಿ ಎಂದು ಎಲ್ಲರೂ ಸಲಹೆ ಕೊಡುತ್ತಾರೆ. ಅದನ್ನು ಒಳಗಿನ ಉಷ್ಣತೆ 200 ಡಿಗ್ರಿ ಫ್ಯಾರನ್‌ಹೀಟ್ ದಾಟುವವರೆಗೆ ನಿಧಾನವಾಗಿ ಬೇಯಿಸಿದರೆ ರುಚಿ ಬಹಳ ಚೆನ್ನಾಗಿಯೇ ಇರುತ್ತದೆ, ಅನುಮಾನವಿಲ್ಲ. ಆದರೆ ಈಗ ನಮ್ಮ ಕಡೆಯ ಅಂಗಡಿಗಳಲ್ಲಿ ಚಕ್‌ನ ದರ ಇಡೀ ಬ್ರಿಸ್ಕೆಟ್‌ಗಿಂತ ಹೆಚ್ಚಾಗಿದೆ. ಪೌಂಡಿಗೆ ಎಂಟು ಡಾಲರ್ ಕೊಟ್ಟು ತಂದ ಚಕ್‌ನಲ್ಲಿ ಕತ್ತರಿಸಿ ಎಸೆಯುವುದು ಕಡಿಮೆಯಾದರೂ ಬೆಂದ ಮೇಲೆ ಉಳಿಯುವುದು ನೂರಕ್ಕೆ ಅರವತ್ತರಷ್ಟು. ತಟ್ಟೆಗೆ ಬರುವ ಹೊತ್ತಿಗೆ ಅದು ಹದಿಮೂರು ಡಾಲರ್ ದಾಟಿರುತ್ತದೆ. ಮೂರು ನಾಲ್ಕು ಜನರ ಮನೆಗೆ ಮೂರು ಪೌಂಡಿನ ಚಕ್ ಸಾಕಾಗುವುದರಿಂದ ಒಟ್ಟು ಖರ್ಚು ಕಡಿಮೆ ಎನ್ನಬಹುದು, ಅಷ್ಟೇ. ಅತಿಥಿಗಳಿಗಾಗಿ ಮಾಡುವವರಿಗೆ ಇದು ಉಳಿತಾಯವಲ್ಲ. ಕೊಬ್ಬು ತೆಗೆದು ಚೊಕ್ಕವಾಗಿ ಪ್ಯಾಕ್ ಮಾಡಿದ, ಬ್ರಿಸ್ಕೆಟ್‌ನ ಫ್ಲ್ಯಾಟ್ ಎಂಬ ಚಪ್ಪಟೆಯಾದ ಕಡಿಮೆ ಕೊಬ್ಬಿನ ಭಾಗವನ್ನು ಮಾತ್ರ ಕೊಳ್ಳುವುದು ಇನ್ನೂ ನಷ್ಟದ ವ್ಯವಹಾರ: ಅಂಗಡಿಯವನು ಕತ್ತರಿಸಿದ ಶ್ರಮಕ್ಕೂ ಹಣ ಕೊಡುತ್ತೀರಿ, ಕತ್ತರಿಸಿ ತೆಗೆದ ಮಾಂಸವೂ ನಿಮಗೆ ಸಿಗುವುದಿಲ್ಲ.

ಆ ಕತ್ತರಿಸಿ ತೆಗೆದದ್ದರಲ್ಲಿಯೇ ಉಳಿತಾಯ ಅಡಗಿದೆ. ಮೂರು ಪೌಂಡ್ ಚೂರುಗಳನ್ನು ಕತ್ತರಿಸುವಾಗಲೇ ಎರಡು ಪಾತ್ರೆಗಳಿಗೆ ಬೇರ್ಪಡಿಸಿಕೊಳ್ಳಿ. ಒಂದಕ್ಕೆ ಬಿಳಿಯ ಕೊಬ್ಬು ಮಾತ್ರ, ಇನ್ನೊಂದಕ್ಕೆ ಮಾಂಸ ಅಂಟಿಕೊಂಡಿರುವ ತುಂಡುಗಳು. ಎರಡನೆಯದನ್ನು ಅರ್ಧ ಗಂಟೆ ಫ್ರೀಜರ್‌ನಲ್ಲಿಟ್ಟು ಗಟ್ಟಿ ಮಾಡಿ, ನೂರರಲ್ಲಿ ಇಪ್ಪತ್ತೈದರಷ್ಟು ಕೊಬ್ಬು ಇರುವಂತೆ ಕಣ್ಣಂದಾಜಿನಲ್ಲಿ ಸೇರಿಸಿ ಖೀಮಾ ಮಾಡಿದರೆ ಬರ್ಗರ್‌ಗೆ ಅದಕ್ಕಿಂತ ಒಳ್ಳೆಯ ಮಾಂಸ ಸಿಗುವುದು ಕಷ್ಟ. 2020ರ ಆರಂಭದಲ್ಲಿ ಈ ದೇಶದಲ್ಲಿ ಖೀಮಾದ ಸರಾಸರಿ ದರ ಪೌಂಡಿಗೆ ನಾಲ್ಕು ಡಾಲರ್‌ಗಿಂತ ಕಡಿಮೆಯಿತ್ತು. 2025ರ ಮಧ್ಯದಲ್ಲಿ ಅದು ಆರು ಡಾಲರ್ ದಾಟಿತು. ಆದ್ದರಿಂದ ಚೂರುಗಳಿಂದ ಒಂದು ಪೌಂಡ್ ಖೀಮಾ ಸಿಕ್ಕರೂ 77 ಡಾಲರ್‌ನ ಬ್ರಿಸ್ಕೆಟ್‌ನಲ್ಲಿ ಆರು ಡಾಲರ್ ಮರಳಿ ಬಂದ ಹಾಗೆ. ಖೀಮಾವನ್ನು ಒಳಗಿನ ಉಷ್ಣತೆ 160 ಡಿಗ್ರಿ ಮುಟ್ಟುವವರೆಗೆ ಬೇಯಿಸುವುದನ್ನು ಮಾತ್ರ ಮರೆಯಬೇಡಿ.

ಬಿಳಿ ಕೊಬ್ಬನ್ನು ಸಣ್ಣಗೆ ಹೆಚ್ಚಿ, ದಪ್ಪ ತಳದ ಪಾತ್ರೆಯಲ್ಲಿ ಸ್ವಲ್ಪ ನೀರು ಹಾಕಿ, ಅತಿ ಸಣ್ಣ ಉರಿಯಲ್ಲಿ ಇಡಿ. ಬೆಣ್ಣೆ ಕಾಯಿಸುವಾಗ ಆಗುವಂತೆಯೇ ಮೊದಲು ಸದ್ದು ಜೋರಾಗಿರುತ್ತದೆ, ನೀರಿನಂಶ ಹೋದಂತೆ ಸದ್ದು ಇಳಿದು, ಚೂರುಗಳು ಕಂದು ಬಣ್ಣಕ್ಕೆ ತಿರುಗಿ ತಳ ಸೇರುತ್ತವೆ. ಆಗ ಸೋಸಿ ಬಾಟಲಿಗೆ ತುಂಬಿದರೆ ಫ್ರಿಜ್‌ನಲ್ಲಿ ಬಹಳ ದಿನ ಇರುತ್ತದೆ. ಬೇಯುವ ನಡುವೆ ಬ್ರಿಸ್ಕೆಟ್ ಅನ್ನು ಕಾಗದದಲ್ಲಿ ಸುತ್ತುವಾಗ ಕಾಗದಕ್ಕೆ ಸವರಲು, ಕಬ್ಬಿಣದ ಬಾಣಲೆಯಲ್ಲಿ ಆಲೂಗಡ್ಡೆ ಹುರಿಯಲು ನಾನು ಇದನ್ನೇ ಬಳಸುತ್ತೇನೆ.

ದರ್ಜೆಯ ವಿಷಯದಲ್ಲಿ ನನಗೆ ಗಟ್ಟಿಯಾದ ಅಭಿಪ್ರಾಯವಿದೆ. ಪ್ರೈಮ್, ಚಾಯ್ಸ್, ಸೆಲೆಕ್ಟ್ ಎಂದು ಮೇಲಿನಿಂದ ಕೆಳಕ್ಕೆ ಇರುವ ಮೂರು ದರ್ಜೆಗಳಲ್ಲಿ ಸೆಲೆಕ್ಟ್‌ಗೆ ಇಳಿದು ಪೌಂಡಿಗೆ ಕೆಲವು ಸೆಂಟ್ ಉಳಿಸುವುದು ಬುದ್ಧಿವಂತಿಕೆಯಲ್ಲ. ಒಳಗೆ ಕೊಬ್ಬಿನ ಎಳೆಗಳು ಕಡಿಮೆ ಇರುವ ಫ್ಲ್ಯಾಟ್ ಭಾಗ ದೀರ್ಘ ಹೊಗೆಯಲ್ಲಿ ಒಣಗಿ ನಾರಾಗುತ್ತದೆ, ಒಣಗಿದ್ದನ್ನು ಅತಿಥಿಗಳು ತಟ್ಟೆಯಲ್ಲಿಯೇ ಬಿಡುತ್ತಾರೆ. ಚಾಯ್ಸ್ ಸಾಕು, ಆದರೆ ಆರಿಸುವಾಗ ಆತುರ ಬೇಡ. ಪ್ಯಾಕೆಟ್ಟನ್ನು ಮಧ್ಯದಲ್ಲಿ ಕೈಯಿಟ್ಟು ಎತ್ತಿದಾಗ ಎರಡೂ ತುದಿಗಳು ಸಡಿಲವಾಗಿ ಬಾಗಬೇಕು. ಫ್ಲ್ಯಾಟ್‌ನ ತುದಿ ಕಡೆಯವರೆಗೂ ಒಂದು ಅಂಗುಲಕ್ಕಿಂತ ದಪ್ಪವಾಗಿರಬೇಕು. ತುದಿ ತೆಳುವಾಗಿದ್ದರೆ ಆ ಭಾಗ ಸುಟ್ಟು ಹೋಗುತ್ತದೆ, ಇಲ್ಲವೇ ಮೊದಲೇ ಕತ್ತರಿಸಬೇಕಾಗುತ್ತದೆ. ಎರಡೂ ನಿಮ್ಮದೇ ದುಡ್ಡು.

ಬೆಲೆ ಇಳಿಯುವವರೆಗೆ ಕಾಯೋಣವೆಂದರೆ, ಅದು ಬೇಗ ಇಳಿಯುವ ಬೆಲೆಯಲ್ಲ. 2025ರ ಜನವರಿಯ ಎಣಿಕೆಯಲ್ಲಿ ಅಮೆರಿಕದ ದನಗಳ ಒಟ್ಟು ಸಂಖ್ಯೆ ಸುಮಾರು 8.67 ಕೋಟಿ, 1951ರ ನಂತರ ಅಲ್ಲಿಯವರೆಗೆ ಅಷ್ಟು ಕಡಿಮೆ ಇದ್ದದ್ದಿಲ್ಲ. 2020ರಿಂದ ಮುಂದಿನ ಬರಗಾಲದ ವರ್ಷಗಳಲ್ಲಿ ಹುಲ್ಲು ನೀರಿಲ್ಲದೆ, ಮೇವಿನ ಬೆಲೆ ತಾಳಲಾರದೆ ಇಲ್ಲಿನ ರೈತರು ಕರು ಹಾಕುವ ಹಸುಗಳನ್ನೇ ಮಾರಿಬಿಟ್ಟರು. ಮಂದೆಯನ್ನು ಮತ್ತೆ ಬೆಳೆಸಬೇಕಾದರೆ ಹೆಣ್ಣು ಕರುಗಳನ್ನು ಮಾರುಕಟ್ಟೆಗೆ ಕಳಿಸದೆ ಉಳಿಸಿಕೊಳ್ಳಬೇಕು, ಅಂದರೆ ಸದ್ಯಕ್ಕೆ ಮಾಂಸ ಇನ್ನೂ ಕಡಿಮೆಯಾಗುತ್ತದೆ. ಉಳಿಸಿಕೊಂಡ ಕಡಸು ಎರಡು ವರ್ಷಕ್ಕೆ ಕರು ಹಾಕಿ, ಆ ಕರು ಬೆಳೆದು ಮಾಂಸಕ್ಕೆ ಬರಲು ಇನ್ನೂ ಒಂದೂವರೆ ವರ್ಷ ಹಿಡಿಯುತ್ತದೆ. ಇದರ ಜೊತೆಗೆ, ಪಶುಗಳ ಗಾಯದಲ್ಲಿ ನೊಣ ಇಟ್ಟ ಮೊಟ್ಟೆಯಿಂದ ಹುಟ್ಟಿ ಜೀವಂತ ಮಾಂಸವನ್ನೇ ತಿನ್ನುವ ಸ್ಕ್ರೂವರ್ಮ್ ಹುಳು ಮೆಕ್ಸಿಕೋದಲ್ಲಿ ಕಾಣಿಸಿಕೊಂಡದ್ದರಿಂದ ಅಲ್ಲಿಂದ ಬರುತ್ತಿದ್ದ ಕರುಗಳ ಆಮದನ್ನು 2024ರ ನವೆಂಬರ್‌ನಲ್ಲಿ ನಿಲ್ಲಿಸಿದರು, 2025ರ ಆರಂಭದಲ್ಲಿ ತೆರೆದರು, ಮೇ ತಿಂಗಳಲ್ಲಿ ಮತ್ತೆ ಮುಚ್ಚಿದರು. ಟೆಕ್ಸಾಸ್‌ನ ಕೊಟ್ಟಿಗೆಗಳು ಆ ಕರುಗಳನ್ನು ಬಹುವಾಗಿ ನೆಚ್ಚಿಕೊಂಡಿದ್ದವು. ಒಂದು ದನಕ್ಕೆ ಇರುವುದು ಎರಡೇ ಬ್ರಿಸ್ಕೆಟ್ ಎಂಬುದನ್ನೂ, ಆ ಎರಡಕ್ಕೆ ಹೋಟೆಲಿನವರೂ ನಾವೂ ಒಟ್ಟಿಗೇ ಕೈಚಾಚುತ್ತಿದ್ದೇವೆ ಎಂಬುದನ್ನೂ ಸೇರಿಸಿಕೊಂಡರೆ ಚಿತ್ರ ಪೂರ್ತಿಯಾಗುತ್ತದೆ.

ಇನ್ನೊಂದು ಅಗ್ಗದ ಭಾಗವನ್ನು ಹುಡುಕುತ್ತಾ ಹೋಗುವುದರಲ್ಲಿಯೂ ನನಗೆ ಹೆಚ್ಚಿನ ನಂಬಿಕೆಯಿಲ್ಲ. ಟೆಕ್ಸಾಸ್‌ನ ಲಾಕ್‌ಹಾರ್ಟ್‌ನಂಥ ಊರುಗಳಲ್ಲಿ ಜರ್ಮನ್ ಮೂಲದ ಕಟುಕರು ಅಂಗಡಿಯಲ್ಲಿ ಉಳಿದ ಮಾಂಸವನ್ನು ಹೊಗೆಯಲ್ಲಿ ಬೇಯಿಸಿ ಮಾರುತ್ತಿದ್ದ ಕಾಲದಲ್ಲಿ ಭುಜದ ಭಾಗವೇ ಹೆಚ್ಚಾಗಿ ನಡೆಯುತ್ತಿತ್ತು. ಬ್ರಿಸ್ಕೆಟ್ ಮುಂಚೂಣಿಗೆ ಬಂದದ್ದು ನಂತರ, ಅದೂ ಅಗ್ಗವೆಂಬ ಕಾರಣಕ್ಕೆ. ದಕ್ಷಿಣ ಟೆಕ್ಸಾಸ್‌ನಲ್ಲಿ ದನ ಕಾಯುವ ಆಳುಗಳ ಪಾಲಿಗೆ ಬಿಡುತ್ತಿದ್ದ ಸ್ಕರ್ಟ್ ಎಂಬ ಹೊಟ್ಟೆಯ ಬಳಿಯ ತೆಳು ಮಾಂಸ, ಅದನ್ನು ಸುಟ್ಟು ರೊಟ್ಟಿಯಲ್ಲಿ ತಿನ್ನುವ ಫಹೀತಾ ಜನಪ್ರಿಯವಾದ ಮೇಲೆ, ದುಬಾರಿ ಮಾಂಸಗಳ ಸಾಲಿಗೆ ಸೇರಿತು. ಬಡವರ ಅಡುಗೆಯ ರುಚಿ ಪೇಟೆಗೆ ತಿಳಿದಾಗಲೆಲ್ಲ ಹೀಗಾಗಿದೆ.

ಹಾಗಾಗಿ ಬೀಫ್‌ನ ಪಾಲನ್ನು ತಗ್ಗಿಸಿ ಬೆಂಕಿಯ ಉಪಯೋಗವನ್ನು ಹೆಚ್ಚಿಸುವುದೇ ದಾರಿ. ಓಕ್ ಸೌದೆ ಒಂದು ಬ್ರಿಸ್ಕೆಟ್‌ಗೆ ಎಷ್ಟು ಬೇಕೋ, ಸ್ಮೋಕರ್ ತುಂಬಿದ್ದರೂ ಹೆಚ್ಚು ಕಡಿಮೆ ಅಷ್ಟೇ ಬೇಕು. ಹಂದಿಯ ಭುಜವನ್ನು ಪೌಂಡಿಗೆ ಎರಡು ಡಾಲರ್‌ನಂತೆ ಎಂಟು ಪೌಂಡ್ ತಂದರೆ ಹದಿನಾರು ಡಾಲರ್. ಮೂಳೆ ಕಳೆದು ಬೆಂದ ಮಾಂಸ ನಾಲ್ಕೂವರೆ ಪೌಂಡ್ ಬಂದರೂ ತಟ್ಟೆಯ ದರ ಮೂರೂವರೆ ಡಾಲರ್, ಅಂದರೆ ಬ್ರಿಸ್ಕೆಟ್‌ನ ಮೂರನೆಯ ಒಂದು ಭಾಗ. ಬಿಡಿಸಿದ ಹಂದಿ ಮಾಂಸಕ್ಕೆ ಇಲ್ಲಿನವರು ಹಾಕುವ ವಿನೆಗರ್ ಬದಲು ಕೊಡಗಿನ ಕಾಚಂಪುಳಿಯನ್ನು ಕರಿಮೆಣಸಿನ ಜೊತೆ ಕಲಸಿ ನೋಡಿ. ಹೊಗೆಯ ಘಮಕ್ಕೆ ಆ ಹುಳಿ ಎಷ್ಟು ಒಪ್ಪುತ್ತದೆಂದು ನಿಮಗೇ ತಿಳಿಯುತ್ತದೆ. ಹತ್ತು ಪೌಂಡಿನ ಚೀಲದಲ್ಲಿ ಮಾರುವ ಕೋಳಿಯ ಕಾಲುಗಳಂತೂ ಇನ್ನೂ ಅಗ್ಗ. ಅವಕ್ಕೆ ಉಪ್ಪು, ಖಾರದ ಪುಡಿ, ನಿಂಬೆರಸ ಹಚ್ಚಿ ರಾತ್ರಿಯಿಡೀ ಇಟ್ಟು, ಮಾರನೆಯ ದಿನ ಹೊಗೆಯಲ್ಲಿಟ್ಟು ಕೊನೆಗೆ ಕೆಂಡದ ಮೇಲೆ ಚರ್ಮ ಗರಿಯಾಗಿಸಿ. ಸುರಕ್ಷತೆಗೆ 165 ಡಿಗ್ರಿ ಸಾಕು, ಆದರೆ ಕಾಲಿನ ಮಾಂಸ ಇನ್ನೂ ಸ್ವಲ್ಪ ಹೆಚ್ಚು ಬೆಂದರೇ ಮೃದುವಾಗುತ್ತದೆ. ನೆನೆಸಿ ಬೇಯಿಸಿದ ಪಿಂಟೋ ಕಾಳಿನ ಪಾತ್ರೆಯನ್ನು ಬ್ರಿಸ್ಕೆಟ್‌ನ ಕೆಳಗೆ ಇಟ್ಟರೆ ಸುರಿಯುವ ರಸವೆಲ್ಲ ಅದರಲ್ಲಿ ಸೇರುತ್ತದೆ. ಬೀಫ್ ತಿನ್ನುವವರಿಗೆ ಅದೊಂದೇ ಅರ್ಧ ಊಟ.

ನಮ್ಮ ಜನರ ಕೂಟಗಳಲ್ಲಿ ಬೀಫ್ ತಿನ್ನದವರು, ಹಂದಿ ತಿನ್ನದವರು, ಮಾಂಸವನ್ನೇ ಮುಟ್ಟದವರು ಒಂದೇ ಮೇಜಿಗೆ ಕೂರುತ್ತಾರೆ. ಆದರೂ ನಾವು ಎಲ್ಲರ ತಲೆ ಎಣಿಸಿ ಬ್ರಿಸ್ಕೆಟ್ ಕೊಳ್ಳುತ್ತೇವೆ. ಯಾರು ಏನು ತಿನ್ನುತ್ತಾರೆಂದು ಮೊದಲೇ ಕೇಳಿಕೊಳ್ಳುವುದರಲ್ಲಿ ಸಂಕೋಚ ಬೇಡ. ಕೇಳಿದರೆ ಅವರಿಗೂ ನೆಮ್ಮದಿ. ಸಸ್ಯಾಹಾರಿಗಳ ಜೋಳ, ಬದನೆಕಾಯಿ, ಪನೀರುಗಳಿಗೆ ಬೇರೆಯೇ ಗ್ರಿಲ್, ಬೇರೆಯೇ ಇಕ್ಕಳ ಇರಲಿ, ಮತ್ತು ಹಾಗೆ ಇದೆಯೆಂದು ಅವರಿಗೆ ತೋರಿಸಿ.

ಕೊಳ್ಳುವ ಸಮಯದ ಬಗ್ಗೆ ಎರಡು ಮಾತು. ಮೇ ಕೊನೆಯ ಮೆಮೋರಿಯಲ್ ಡೇ, ಜುಲೈ 4, ಸೆಪ್ಟೆಂಬರ್‌ನ ಲೇಬರ್ ಡೇ ಹತ್ತಿರ ಬಂದಾಗ ಅಂಗಡಿಗಳು ಬ್ರಿಸ್ಕೆಟ್ ದರವನ್ನು ಇಳಿಸಿ ಗಿರಾಕಿಗಳನ್ನು ಕರೆಯುವುದುಂಟು. ಆಗ ಕೊಂಡು, ಪ್ಯಾಕ್ ಬಿಚ್ಚದೆ ಫ್ರೀಜರ್‌ಗೆ ಹಾಕಿ. ಮಾರ್ಚ್ 17ರ ಸೇಂಟ್ ಪ್ಯಾಟ್ರಿಕ್ ದಿನ ಕಳೆದ ಕೂಡಲೇ ಉಪ್ಪಿನಲ್ಲಿ ಹದಗೊಳಿಸಿದ ಕಾರ್ನ್ಡ್ ಬೀಫ್ ಅಗ್ಗವಾಗುತ್ತದೆ. ಅದೂ ಬ್ರಿಸ್ಕೆಟ್ಟೇ. ಒಂದು ರಾತ್ರಿ ನೀರಿನಲ್ಲಿ ನೆನೆಸಿ ಉಪ್ಪು ಇಳಿಸಿ, ತರಿತರಿಯಾಗಿ ಕುಟ್ಟಿದ ಕೊತ್ತಂಬರಿ ಬೀಜ ಮತ್ತು ಕರಿಮೆಣಸನ್ನು ದಪ್ಪಗೆ ಮೆತ್ತಿ ಹೊಗೆಯಲ್ಲಿಟ್ಟರೆ ಪ್ಯಾಸ್ಟ್ರಾಮಿ ಸಿದ್ಧ. ಕೆಲವರು ರಾಂಚ್‌ನಿಂದ ನೇರವಾಗಿ ಕಾಲು ದನ ಕೊಳ್ಳಲು ಹೇಳುತ್ತಾರೆ. ಮನೆಯ ನಿತ್ಯದ ಅಡುಗೆಗೆ ಅದು ಒಳ್ಳೆಯದಿರಬಹುದು, ಆದರೆ ಬಾರ್ಬೆಕ್ಯೂಗಾಗಿ ಅದನ್ನು ಕೊಳ್ಳಬೇಡಿ, ಏಕೆಂದರೆ ಕಾಲು ಪಾಲಿನಲ್ಲಿ ನಿಮಗೆ ಬರುವುದು ಅರ್ಧ ಬ್ರಿಸ್ಕೆಟ್, ಉಳಿದದ್ದರಲ್ಲಿ ದೊಡ್ಡ ಪಾಲು ಖೀಮಾ.

ಇನ್ನು ನಿಮ್ಮ ಇಪ್ಪತ್ತೈದು ಜನರ ಊಟ. ಬೀಫ್ ತಿನ್ನುವವರು ಹದಿಮೂರು ಜನ ಎಂದಿಟ್ಟುಕೊಂಡರೆ, ಜೊತೆಗೆ ಬೇರೆ ಮಾಂಸವೂ ಇರುವುದರಿಂದ ತಲೆಗೆ ಕಾಲು ಪೌಂಡ್ ಸಾಕು; ಒಟ್ಟು ಮೂರೂಕಾಲು ಪೌಂಡ್, ಅಂದರೆ ಅರ್ಧ ಬ್ರಿಸ್ಕೆಟ್. ಇಡೀ ಬ್ರಿಸ್ಕೆಟ್ ಬೇಯಿಸಿ, ಆದರೆ ಇಡಿಯಾಗಿ ಹೋಳು ಮಾಡಬೇಡಿ. ಹೋಳು ಮಾಡಿದ್ದು ಕೆಲವೇ ನಿಮಿಷಗಳಲ್ಲಿ ಒಣಗುತ್ತದೆ. ಬಡಿಸುವಷ್ಟನ್ನು ಮಾತ್ರ ಕತ್ತರಿಸಿ, ಉಳಿದ ಗಟ್ಟಿಯನ್ನು ಕಾಗದದಲ್ಲಿಯೇ ಸುತ್ತಿ ಬಿಸಿ ಪೆಟ್ಟಿಗೆಯಲ್ಲಿ 140 ಡಿಗ್ರಿಗಿಂತ ಮೇಲೆ ಇಟ್ಟಿರಿ. ಊಟ ಮುಗಿದ ಕೂಡಲೇ ಅದನ್ನು ಎರಡು ಮೂರು ತುಂಡು ಮಾಡಿ ಫ್ರಿಜ್‌ಗೆ ಸೇರಿಸಿ, ತಣಿದ ಮೇಲೆ ಗಾಳಿಯಾಡದಂತೆ ಕಟ್ಟಿ ಫ್ರೀಜರ್‌ಗೆ ಹಾಕಿ. ನಮ್ಮ ಬೇಸಿಗೆಯಲ್ಲಿ 90 ಡಿಗ್ರಿ ದಾಟಿದ ದಿನ ಹೊರಗೆ ಒಂದು ಗಂಟೆಗಿಂತ ಹೆಚ್ಚು ಹೊತ್ತು ಬಿಟ್ಟ ಮಾಂಸವನ್ನು ಎಸೆಯಬೇಕಾಗುತ್ತದೆ. ಹಾಗೆ ಉಳಿಸಿದ ತುಂಡನ್ನು ಮುಂದಿನ ವಾರ ಸಣ್ಣಗೆ ಹೆಚ್ಚಿ, ಈರುಳ್ಳಿ, ಕರಿಬೇವು, ತೆಂಗಿನಕಾಯಿ ಚೂರು, ಹುರಿದು ಪುಡಿ ಮಾಡಿದ ಕೊತ್ತಂಬರಿ ಮೆಣಸಿನೊಂದಿಗೆ ಬಾಣಲೆಯಲ್ಲಿ ಒಣಗಿಸಿ ಹುರಿದರೆ ನಾಲ್ಕು ಜನರ ಮನೆಗೆ ಇನ್ನೂ ಎರಡು ಊಟ. ಉಳಿದ ಹನ್ನೆರಡು ಜನರಿಗೆ ಕೋಳಿಯ ಕಾಲುಗಳ ಒಂದು ಚೀಲ, ಕೆಂಡದಲ್ಲಿ ಸುಟ್ಟ ತರಕಾರಿ, ಪ್ರತ್ಯೇಕ ಪಾತ್ರೆಯಲ್ಲಿ ಬೇಯಿಸಿದ ಕಾಳು ಧಾರಾಳವಾಗಿ ಸಾಲುತ್ತದೆ. ಬ್ರಿಸ್ಕೆಟ್ ಈಗಾಗಲೇ ಫ್ರೀಜರ್‌ನಲ್ಲಿದ್ದರೆ ಊಟಕ್ಕೆ ನಾಲ್ಕು ದಿನ ಮುಂಚೆಯೇ ಫ್ರಿಜ್‌ಗೆ ಇಳಿಸಿಕೊಳ್ಳಿ. 14 ಪೌಂಡಿನ ಗಟ್ಟಿ ಅದಕ್ಕಿಂತ ಬೇಗ ಕರಗುವುದಿಲ್ಲ.