ಹೆಸರನ್ನು ಕೇಳಬೇಡಿ, ಅದು ಎಲ್ಲಿಂದ ಓಡುತ್ತಿದೆ ಎಂದು ನೋಡಿ

ಕಂಪ್ಯೂಟರಿನಲ್ಲಿ ಓಡುತ್ತಿರುವುದನ್ನೆಲ್ಲ ಪಟ್ಟಿ ಮಾಡುವ ಟಾಸ್ಕ್ ಮ್ಯಾನೇಜರ್ ತುಂಬ ‘ಎಸ್‌ವಿಸಿಹೋಸ್ಟ್’ (svchost.exe) ಎಂಬ ಹೆಸರೇ ಕಾಣಿಸುತ್ತಿದೆ, ಇದು ವೈರಸ್ಸೇ, ಎಂಡ್ ಟಾಸ್ಕ್ ಒತ್ತಲೇ ಎಂದು ಕೇಳಿದ್ದೀರಿ. ಆ ಹೆಸರು ಓದಿದ ಕೂಡಲೇ ನನಗೆ 2016ರ ಜೂನ್ ನೆನಪಾಯಿತು.

ಶಿಡ್ಲಘಟ್ಟದಲ್ಲಿ ರೇಷ್ಮೆಗೂಡಿನ ಮಾರುಕಟ್ಟೆಗೆ ಹೋಗುವ ದಾರಿಯಲ್ಲಿ ನನ್ನ ಡಿಟಿಪಿ ಮತ್ತು ಜೆರಾಕ್ಸ್ ಅಂಗಡಿ ಇದೆ. ಕಾಲೇಜು ಪ್ರವೇಶದ ಸಮಯ, ಅಂಗಡಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಹುಡುಗನೊಬ್ಬ ಅಂಕಪಟ್ಟಿಯ ಪ್ರಿಂಟ್ ಬೇಕೆಂದು ಪೆನ್‌ಡ್ರೈವ್ ಕೊಟ್ಟ. ಅದರಲ್ಲಿದ್ದ ಹಳದಿ ಫೋಲ್ಡರನ್ನು ಡಬಲ್ ಕ್ಲಿಕ್ ಮಾಡಿದೆ. ಅಂಕಪಟ್ಟಿ ಸಿಕ್ಕಿತು, ಪ್ರಿಂಟ್ ಕೊಟ್ಟೆ. ನಾನು ತೆರೆದದ್ದು ಫೋಲ್ಡರಿನ ಚಿತ್ರ ಹೊತ್ತಿದ್ದ ಒಂದು ಪ್ರೋಗ್ರಾಂ. ನಿಜವಾದ ಫೋಲ್ಡರನ್ನು ಅದು ಅಡಗಿಸಿಟ್ಟು, ಅದರ ಹೆಸರಿನಲ್ಲಿ ತಾನು ಕುಳಿತಿತ್ತು. ಫೈಲಿನ ಹೆಸರಿನ ಕೊನೆಯ ‘.ಇಎಕ್ಸ್‌ಇ’ ಭಾಗವನ್ನು ವಿಂಡೋಸ್ ತಾನಾಗಿಯೇ ಮರೆಮಾಡುವುದರಿಂದ ಗುರುತು ಸಿಗಲಿಲ್ಲ.

ಸಂಜೆಯ ಹೊತ್ತಿಗೆ ಕಂಪ್ಯೂಟರ್ ನಿಧಾನವಾಯಿತು. ಟಾಸ್ಕ್ ಮ್ಯಾನೇಜರ್ ತೆರೆದರೆ ಎಸ್‌ವಿಸಿಹೋಸ್ಟ್ ಕಂಡಿತು. ಇಂಟರ್ನೆಟ್ಟಿನಲ್ಲಿ ಹುಡುಕಿದೆ. ‘ಇದು ವಿಂಡೋಸಿನದೇ, ಅತ್ಯಗತ್ಯ, ನಿಲ್ಲಿಸಬೇಡಿ’ ಎಂದಿತ್ತು. ಸಮಾಧಾನವಾಯಿತು, ಮುಚ್ಚಿದೆ.

ನನ್ನ ತಪ್ಪು ಇದೇ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಾನು ಓದಿದ್ದರಲ್ಲಿ ಸುಳ್ಳಿರಲಿಲ್ಲ. ಎಸ್‌ವಿಸಿಹೋಸ್ಟ್ ವಿಂಡೋಸಿನದೇ, ಧ್ವನಿ, ಇಂಟರ್ನೆಟ್ಟಿನಂಥ ಹಿನ್ನೆಲೆಯ ಕೆಲಸಗಳನ್ನು, ಅಂದರೆ ಸೇವೆಗಳನ್ನು, ಓಡಿಸುವ ಪ್ರೋಗ್ರಾಂ. ಆದರೆ ನನ್ನ ಪರದೆಯ ಮೇಲಿದ್ದದ್ದು ಅದೇ ಹೌದೇ ಎಂದು ನಾನು ನೋಡಲೇ ಇಲ್ಲ. ಫೈಲಿಗೆ ಯಾರು ಯಾವ ಹೆಸರು ಬೇಕಾದರೂ ಇಡಬಹುದು. ಗುರುತುಗಳೆಲ್ಲ ಕಣ್ಣೆದುರಿಗೇ ಇದ್ದವು. ಆಗ ನನ್ನದು ವಿಂಡೋಸ್ 7. ಅದರ ಟಾಸ್ಕ್ ಮ್ಯಾನೇಜರ್ ಮೊದಲು ನಮ್ಮ ಖಾತೆಯಿಂದ ಓಡುವುದನ್ನಷ್ಟೇ ತೋರಿಸುತ್ತದೆ. ಉಳಿದವು ಕಾಣಬೇಕಾದರೆ ಕೆಳಗೆ ‘ಎಲ್ಲ ಬಳಕೆದಾರರದ್ದನ್ನೂ ತೋರಿಸು’ ಎಂಬ ಗುಂಡಿ ಒತ್ತಬೇಕು. ಅಸಲಿ ಎಸ್‌ವಿಸಿಹೋಸ್ಟ್‌ಗಳು ಅಲ್ಲಿ ಸಿಸ್ಟಮ್, ಲೋಕಲ್ ಸರ್ವಿಸ್, ನೆಟ್‌ವರ್ಕ್ ಸರ್ವಿಸ್ ಎಂಬ ಖಾತೆಗಳಲ್ಲಿ ಓಡುತ್ತವೆ. ನಾನು ಆ ಗುಂಡಿ ಒತ್ತಿರಲೇ ಇಲ್ಲ. ಆದರೂ ಒಂದು ಎಸ್‌ವಿಸಿಹೋಸ್ಟ್ ಕಂಡಿತ್ತು, ಪಕ್ಕದಲ್ಲಿ ನನ್ನ ಖಾತೆಯ, ಅಂದರೆ ಅಂಗಡಿಯ, ಹೆಸರು ಹೊತ್ತು. ಅದರ ಮೇಲೆ ರೈಟ್ ಕ್ಲಿಕ್ ಮಾಡಿ ‘ಓಪನ್ ಫೈಲ್ ಲೊಕೇಶನ್’ ಒತ್ತಿದ್ದರೆ ಎರಡು ಸೆಕೆಂಡಿನಲ್ಲಿ ತಿಳಿಯುತ್ತಿತ್ತು. ಇರಬೇಕಾದದ್ದು ವಿಂಡೋಸಿನ ‘ಸಿಸ್ಟಮ್32’ ಫೋಲ್ಡರಿನಲ್ಲಿ, ಇದ್ದದ್ದು ‘ಆಪ್‌ಡೇಟಾ’ ಎಂಬ ಅಡಗಿದ ಫೋಲ್ಡರಿನಲ್ಲಿ. ಆ ಎರಡು ಸೆಕೆಂಡು ನಾನು ಕೊಡಲಿಲ್ಲ.

ಹನ್ನೊಂದು ದಿನ ಅದು ಓಡಿತು. ಆ ದಿನಗಳಲ್ಲಿ ಅಂಗಡಿಗೆ ಬಂದ ಪ್ರತಿಯೊಂದು ಪೆನ್‌ಡ್ರೈವಿಗೂ ಅಂಟಿತು. ನಿವೃತ್ತ ಮೇಷ್ಟ್ರೊಬ್ಬರು ನಮ್ಮ ತಾಲ್ಲೂಕಿನ ಕೆರೆಗಳ ಬಗ್ಗೆ ಬರೆಯುತ್ತಿದ್ದರು. ಯಾವ ಕೆರೆಯ ಕೋಡಿ ಯಾವ ಕೆರೆಗೆ ಹರಿಯುತ್ತಿತ್ತು, ತೂಬಿನ ಕಲ್ಲಿನ ಮೇಲೆ ಏನು ಕೆತ್ತಿದೆ ಎಂಬುದನ್ನೆಲ್ಲ ಊರೂರು ಸುತ್ತಿ ಬರೆದುಕೊಂಡು, ನಾಲ್ಕು ವರ್ಷ ‘ನುಡಿ’ ತಂತ್ರಾಂಶದಲ್ಲಿ ತಾವೇ ಟೈಪ್ ಮಾಡಿದ್ದರು. ಪೆನ್‌ಡ್ರೈವನ್ನು ಕನ್ನಡಕದ ಡಬ್ಬಿಯಲ್ಲಿ ಕೆಂಪು ದಾರ ಕಟ್ಟಿ ಇಟ್ಟುಕೊಳ್ಳುತ್ತಿದ್ದರು. ಎರಡು ಅಧ್ಯಾಯಗಳ ಪ್ರಿಂಟ್ ತೆಗೆಸಲು ನನ್ನಲ್ಲಿಗೆ ಬಂದರು. ವಾರದ ನಂತರ ಬೇರೆ ಊರಿನ ಅಂಗಡಿಯೊಂದರಲ್ಲಿ ಅದನ್ನು ಹಾಕಿಸಿದಾಗ ಅಲ್ಲಿನವರು ‘ಬರೀ ವೈರಸ್ ಇದೆ, ಫೈಲ್ ಏನೂ ಇಲ್ಲ’ ಎಂದು ಫಾರ್ಮ್ಯಾಟ್ ಮಾಡಿಕೊಟ್ಟರು. ಫೈಲುಗಳು ಅಳಿದಿರಲಿಲ್ಲ, ಅಡಗಿದ್ದವು ಅಷ್ಟೇ. ‘ಆಟ್ರಿಬ್’ ಎಂಬ ಒಂದು ಸಾಲಿನ ಆದೇಶ ಕೊಟ್ಟಿದ್ದರೆ ಎಲ್ಲವೂ ಮತ್ತೆ ಕಾಣುತ್ತಿದ್ದವು. ಮೇಷ್ಟ್ರು ಡಬ್ಬಿ ತೆರೆದು ನನ್ನ ಮುಂದಿಟ್ಟು, ‘ನೀನಾದರೂ ಒಮ್ಮೆ ನೋಡಪ್ಪಾ’ ಎಂದರು. ಫಾರ್ಮ್ಯಾಟ್ ಆದ ಮೇಲೆ ಅದರೊಳಗೆ ಬೇರೆ ಫೈಲುಗಳನ್ನೂ ತುಂಬಿದ್ದರು. ಮರಳಿ ಸಿಕ್ಕಿದ್ದು ಅರ್ಧಂಬರ್ಧ ಪುಟಗಳು. ಇವತ್ತಿಗೂ ಅವರ ಟೈಪಿಂಗ್ ಕೆಲಸಕ್ಕೆ ನಾನು ಹಣ ಮುಟ್ಟುವುದಿಲ್ಲ.

ಆದ್ದರಿಂದ ‘ಎಸ್‌ವಿಸಿಹೋಸ್ಟ್ ವೈರಸ್ಸೇ’ ಎಂಬ ಪ್ರಶ್ನೆಗೆ ಉತ್ತರವೇ ಇಲ್ಲ ಎನ್ನುತ್ತೇನೆ. ನಮ್ಮ ಕಡೆ ಹೊಸಬರು ಬಂದರೆ ಹಿರಿಯರು ಹೆಸರಿಗಿಂತ ಮೊದಲು ‘ಯಾವೂರು, ಯಾರ ಮನೆಗೆ ಬಂದಿರಿ’ ಎಂದು ಕೇಳುತ್ತಾರಲ್ಲ, ಅದನ್ನೇ ಕೇಳಿ. ಸಂಖ್ಯೆ ನೋಡಿಯೂ ಹೆದರಬೇಡಿ. 2017ರ ವಿಂಡೋಸ್ 10 ಆವೃತ್ತಿಯಿಂದ, ಮೂರೂವರೆ ಜಿಬಿಗಿಂತ ಹೆಚ್ಚು ರ‍್ಯಾಮ್ ಇದ್ದರೆ, ಹೆಚ್ಚಿನ ಸೇವೆಗಳು ಬೇರೆ ಬೇರೆ ಎಸ್‌ವಿಸಿಹೋಸ್ಟ್‌ನಲ್ಲಿ ಓಡುತ್ತವೆ. ಐವತ್ತು, ಅರವತ್ತು ಕಂಡರೂ ಸಹಜ. ವಿಂಡೋಸ್ 10ರಲ್ಲಿ ಕೆಲವು ನಿಮ್ಮದೇ ಖಾತೆಯಲ್ಲೂ ಓಡುವುದರಿಂದ, ನಾನು ಹೇಳಿದ ಖಾತೆಯ ಗುರುತೊಂದನ್ನೇ ನಂಬಬೇಡಿ. ಜಾಗ ನೋಡಿ. ಅಕ್ಷರಗಳನ್ನೂ ಒಂದೊಂದಾಗಿ ಓದಿ. ವಿ, ಸಿ ಇರಬೇಕಾದಲ್ಲಿ ಸಿ, ವಿ ಎಂದು ತಿರುವಿಟ್ಟ ನಕಲಿಗಳಿವೆ.

ಎಂಡ್ ಟಾಸ್ಕ್ ಈಗಲೇ ಒತ್ತಬೇಡಿ. ಅಸಲಿಯನ್ನು ನಿಲ್ಲಿಸಿದರೆ ಧ್ವನಿಯೋ ಇಂಟರ್ನೆಟ್ಟೋ ನಿಲ್ಲಬಹುದು, ನಕಲಿಯನ್ನು ನಿಲ್ಲಿಸಿದರೆ ಮುಂದಿನ ಸಲ ಕಂಪ್ಯೂಟರ್ ಹಾಕಿದಾಗ ಅದು ಮತ್ತೆ ಎದ್ದು ಕೂರುತ್ತದೆ. ಮೈಕ್ರೋಸಾಫ್ಟ್ ಉಚಿತವಾಗಿ ಕೊಡುವ ಪ್ರಾಸೆಸ್ ಎಕ್ಸ್‌ಪ್ಲೋರರ್ ಇಳಿಸಿಕೊಳ್ಳಿ. ಯಾವುದಕ್ಕೆ ಯಾವ ಕಂಪನಿಯ ಡಿಜಿಟಲ್ ಸಹಿ ಇದೆ ಎಂದು ಪರಿಶೀಲಿಸುತ್ತದೆ, ಫೈಲುಗಳನ್ನು ಪರೀಕ್ಷಿಸುವ ಜಾಲತಾಣ ವೈರಸ್‌ಟೋಟಲ್‌ನಲ್ಲೂ ಕೇಳಿ ಹೇಳುತ್ತದೆ. ಅಲ್ಲಿ ಹತ್ತಾರು ಆ್ಯಂಟಿವೈರಸ್‌ಗಳ ಪೈಕಿ ಒಂದೆರಡು ಕೆಂಪು ತೋರಿಸಿದರೆ ಅಷ್ಟಕ್ಕೇ ತೀರ್ಮಾನಿಸಬೇಡಿ. ಆದರೆ ಅಲ್ಲಿಗೆ ಗಿರಾಕಿಗಳ ದಾಖಲೆಗಳನ್ನು ಮಾತ್ರ ಅಪ್‌ಲೋಡ್ ಮಾಡಬೇಡಿ, ಅವು ಬೇರೆಯವರ ಕೈಗೂ ಹೋಗುತ್ತವೆ. ಹೆಸರು ಹುಡುಕಿದಾಗ ‘ಈ ವೈರಸ್ ತೆಗೆಯಲು ಇದನ್ನು ಡೌನ್‌ಲೋಡ್ ಮಾಡಿ’ ಎನ್ನುವ ಪುಟಗಳತ್ತ ತಲೆಯೂ ಹಾಕಬೇಡಿ.

ಲೊಕೇಶನ್ ಒತ್ತಿದಾಗ ತೆರೆಯುವ ಫೋಲ್ಡರಿನ ಪೂರ್ತಿ ದಾರಿಯನ್ನು ಇಲ್ಲಿ ಬರೆಯಿರಿ, ನೋಡಿ ಹೇಳುತ್ತೇನೆ. ಅಲ್ಲಿಯವರೆಗೆ ಆ ಕಂಪ್ಯೂಟರಿಗೆ ಯಾರ ಪೆನ್‌ಡ್ರೈವನ್ನೂ ಹಾಕಬೇಡಿ.