ಗಾಳಿ ಸೋರುವ ಇಂಜಿನ್‌ಗೆ ಜೆಟ್ ಬದಲಿಸಿ ಏನು ಪ್ರಯೋಜನ?

ಪ್ರಶ್ನೆ (ಸಕಲೇಶಪುರ): ಸರ್, ಡರ್ಟ್ ರೇಸ್‌ಗೆಂದು ಯಮಹಾ ಆರ್‌ಎಕ್ಸ್ 100 ಬೈಕ್‌ನ ಇಂಜಿನ್ ಕಟ್ಟಿಸಿದ್ದೇನೆ. ಪೋರ್ಟಿಂಗ್ ಆಗಿದೆ, ಅಂದರೆ ಸಿಲಿಂಡರ್‌ನ ಕಿಂಡಿಗಳನ್ನು (ಪೋರ್ಟ್) ಅಗಲ ಮಾಡಿಸಿದ್ದೇನೆ. ಆಯಿಲ್ ಪಂಪ್ ತೆಗೆಸಿ ಪೆಟ್ರೋಲ್‌ಗೇ ಆಯಿಲ್ ಬೆರೆಸುತ್ತೇನೆ. ಬಿಸಿಯಾದ ಮೇಲೆ ಆಕ್ಸಿಲರೇಟರ್ ಬಿಟ್ಟರೂ ರೇಸ್ ಇಳಿಯುವುದಿಲ್ಲ. ಎರಡು ಸಲ ಪಿಸ್ಟನ್ ಕಚ್ಚಿಕೊಂಡು ಸೀಜ್ ಆಯಿತು. ಕಾರ್ಬುರೇಟರ್‌ಗೆ ದೊಡ್ಡ ಜೆಟ್ (ಪೆಟ್ರೋಲ್ ಅಳೆದು ಬಿಡುವ ತೂತಿನ ತಿರುಪು) ಹಾಕಿದೆ, ಕ್ರ್ಯಾಂಕ್ ಕೇಸ್‌ಗೆ ಬಾಂಡ್ (ಸೋರಿಕೆ ತಡೆಯುವ ಅಂಟು) ಜಾಸ್ತಿ ಹಚ್ಚಿಸಿದೆ. ಮುಂದೇನು?

ಉತ್ತರ: ಮೊದಲು ಆ ಇಂಜಿನ್‌ಗೆ ಕಿಕ್ ಹೊಡೆಯುವುದನ್ನು ನಿಲ್ಲಿಸಿ. ಓಡುವಾಗ ಸೀಜ್ ಆದರೆ ಹಿಂದಿನ ಚಕ್ರ ಲಾಕ್ ಆಗುತ್ತದೆ. ಕ್ಲಚ್ ಹಿಡಿಯಲೂ ಪುರುಸೊತ್ತಿಲ್ಲದೆ ಬಿದ್ದ ಹುಡುಗರನ್ನು ನಾನೇ ಎತ್ತಿ ಕೂರಿಸಿದ್ದೇನೆ.

ಇದೇ ಪ್ರಶ್ನೆ ಚಿಕ್ಕಮಗಳೂರಿನ ನನ್ನ ಗ್ಯಾರೇಜಿಗೂ ಮತ್ತೆ ಮತ್ತೆ ಬರುತ್ತದೆ. ಪ್ರತಿ ಸಲವೂ ಜೆಟ್ ಬದಲಿಸಿಕೊಂಡೇ ಬಂದಿರುತ್ತಾರೆ. ಟೂ ಸ್ಟ್ರೋಕ್‌ನಲ್ಲಿ ಪೆಟ್ರೋಲ್ ಮಿಶ್ರಣ ಕ್ರ್ಯಾಂಕ್ ಕೇಸ್ (ಇಂಜಿನ್‌ನ ಕೆಳಭಾಗದ ಪೆಟ್ಟಿಗೆ) ಹಾದು ಬೋರ್‌ಗೆ, ಅಂದರೆ ಸಿಲಿಂಡರ್‌ಗೆ ಹೋಗುತ್ತದೆ ಅಲ್ವಾ? ಮ್ಯಾಗ್ನೆಟ್ ಕಡೆಯ ಸೀಲ್‌ನಿಂದ (ಕ್ರ್ಯಾಂಕ್ ಶಾಫ್ಟ್ ಸುತ್ತ ಗಾಳಿ ತಡೆಯುವ ರಬ್ಬರ್ ಬಳೆ) ನುಗ್ಗುವ ಗಾಳಿಯ ಜೊತೆ ಪೆಟ್ರೋಲೂ ಇಲ್ಲ, ಆಯಿಲೂ ಇಲ್ಲ. ಮಿಶ್ರಣ ತೆಳುವಾಗಿ ರೇಸ್ ಇಳಿಯುವುದಿಲ್ಲ, ಪಿಸ್ಟನ್ ಕಾದು ಬೋರ್‌ಗೆ ಕಚ್ಚಿಕೊಳ್ಳುತ್ತದೆ. ಕ್ಲಚ್ ಕಡೆಯ ಸೀಲ್ ಹೋದರೆ ಗೇರ್ ಆಯಿಲ್ ಕ್ರ್ಯಾಂಕ್ ಕೇಸ್ ಒಳಕ್ಕೆ ಇಳಿಯುತ್ತದೆ, ಬಿಳಿ ಹೊಗೆ ನಿಲ್ಲುವುದಿಲ್ಲ. ಯಾವುದಕ್ಕೂ ಜೆಟ್ ಮದ್ದಲ್ಲ.

ಪ್ರೆಶರ್ ಟೆಸ್ಟ್ ಮಾಡಿ, ಅಂದರೆ ಬಾಯಿಗಳನ್ನೆಲ್ಲ ಮುಚ್ಚಿ ಒಳಗೆ ಗಾಳಿ ತುಂಬಿ ಸೋರಿಕೆ ನೋಡಿ. ನಾನು ಬಿ.ಪಿ. ನೋಡುವ ರಬ್ಬರ್ ಬುರುಡೆ ಮತ್ತು ಮೀಟರನ್ನೇ ಬಳಸುತ್ತೇನೆ. ಬುರುಡೆಯ ಪೈಪ್ ಸಿಕ್ಕಿಸಲು ಹಳೇ ಸ್ಪಾರ್ಕ್ ಪ್ಲಗ್ ಕೊರೆದು ಲೇತ್‌ನಲ್ಲಿ ಅದಕ್ಕೊಂದು ನಳಿಗೆ ಮಾಡಿಸಿ. ಸೈಲೆನ್ಸರ್ ಕಳಚಿ ಅದು ಕೂರುವ ಬೋರ್‌ನ ಬಾಯಿಗೆ ಟ್ಯೂಬ್ ರಬ್ಬರ್ ಇಟ್ಟು ತಗಡು ಬಿಗಿಯಿರಿ. ಕಾರ್ಬುರೇಟರ್ ಕಳಚಿ ರಬ್ಬರ್ ಮ್ಯಾನಿಫೋಲ್ಡ್‌ಗೆ ಬಿರಡೆ ಹಾಕಿ. ಪಿಸ್ಟನ್ ಪೂರ್ತಿ ಕೆಳಗಿರಲಿ. ಮೀಟರ್ 260ಕ್ಕೆ ಬರುವವರೆಗೆ ಒತ್ತಿ, ಅಂದರೆ ಸುಮಾರು 5 ಪಿಎಸ್‌ಐ. ಐದು ನಿಮಿಷ ಮುಳ್ಳು ಕದಲಬಾರದು. ಕಂಪ್ರೆಸರ್ ಗಾಳಿ ಮಾತ್ರ ಬೇಡವೇ ಬೇಡ, ಸೀಲ್ ಎದ್ದು ಬರುತ್ತದೆ.

ಮುಳ್ಳು ಇಳಿದರೆ ಸೋಪಿನ ನೀರು ಬಳಿಯಿರಿ. ಮ್ಯಾಗ್ನೆಟ್ ಬಿಚ್ಚಿ ಸೀಲ್‌ನ ತುಟಿ ನೋಡಿ, ಸಾಸಿವೆ ಗಾತ್ರದ ಗುಳ್ಳೆ ಒಂದರ ಹಿಂದೊಂದು ಏಳುತ್ತಿರುತ್ತದೆ. ಗೇರ್ ಆಯಿಲ್ ಹಾಕುವ ಬಾಯಿಗೂ ಸೋಪಿನ ಪೊರೆ ಕಟ್ಟಿ, ಪಕ್ಕದ ಬ್ರೀದರ್ (ಗಾಳಿ ಕಿಂಡಿ) ಮುಚ್ಚಿ. ಪೊರೆ ಉಬ್ಬಿದರೆ ಕ್ಲಚ್ ಕಡೆಯ ಸೀಲ್ ಅಥವಾ ಕೇಸ್‌ನ ನಡು ಜೋಡಣೆ ಸೋರುತ್ತಿದೆ. ಆಯಿಲ್ ಪಂಪ್ ತೆಗೆಸಿದ್ದೀರಲ್ಲ, ಅದರ ಪೈಪ್ ಕೂತಿದ್ದ ಸಣ್ಣ ತೂತನ್ನು ಮುಚ್ಚಿದ್ದಾರಾ? ಅದನ್ನೇ ಮರೆಯುವವರು ತುಂಬಾ ಜನ.

ಮಲೆನಾಡಿನ ಮಳೆಯಲ್ಲಿ ಓಡಿಸುವವರಿಗೆ ಇನ್ನೊಂದು ಮಾತು. ಕೆಸರು ಸೇರಿದ ಸೀಲ್ ಕ್ರ್ಯಾಂಕ್ ಶಾಫ್ಟನ್ನೇ ಸವೆಸುತ್ತದೆ. ಶಾಫ್ಟ್ ಮೇಲೆ ಉಗುರು ಎಳೆಯಿರಿ. ಗೆರೆ ಸಿಕ್ಕಿದರೆ ಹೊಸ ಸೀಲೂ ಸೋರುತ್ತದೆ.

ಬಾಂಡ್ ವಿಚಾರ. ಆರ್‌ಎಕ್ಸ್ ಕೇಸ್‌ನ ಎರಡು ಹೋಳಿನ ನಡುವೆ ಕಾಗದದ ಪ್ಯಾಕಿಂಗ್ ಇಲ್ಲ, ಬಾಂಡ್‌ನ ತೆಳು ಪದರ ಅಷ್ಟೇ. ಕೇಸ್ ಬಿಡಿಸಲು ಸ್ಕ್ರೂಡ್ರೈವರ್ ಹಾಕಿ ಮೀಟಿದ್ದರೆ ಅಲ್ಲಿ ಗುಳಿ ಬಿದ್ದಿರುತ್ತದೆ. ಅದಕ್ಕೆ ಮೆತ್ತಿದ ಬಾಂಡ್ ಒಳಕ್ಕೆ ಉಕ್ಕಿ ಬೇರಿಂಗ್‌ನ ಆಯಿಲ್ ದಾರಿಗೆ ಅಡ್ಡ ಬರಬಹುದು. ಪೋರ್ಟ್ ಅಗಲ ಮಾಡಿದ ಮೇಲೆ ಬೋರ್ ಕೆಳಗಿನ ಪ್ಯಾಕಿಂಗನ್ನೂ ಅದೇ ಆಕಾರಕ್ಕೆ ಕತ್ತರಿಸಬೇಕು. "ಶಬ್ದ ಕೇಳಿಯೇ ಲೀಕ್ ಹೇಳ್ತೀನಿ" ಎನ್ನುವವರ ಕೈಗೆ ದಯವಿಟ್ಟು ಇಂಜಿನ್ ಕೊಡಬೇಡಿ.

ಪ್ರಶ್ನೆ (ಅರಸೀಕೆರೆ): ಕೇಸ್ ಬಿರುಕಿಗೆ ಎಂ-ಸೀಲ್ ಸಾಕಾ?

ಉತ್ತರ: ಸಾಲದು. ಅಲ್ಯೂಮಿನಿಯಂ ವೆಲ್ಡಿಂಗ್ ಮಾಡಿಸಿ.

ಪ್ರಶ್ನೆ (ಕಡೂರು): ಕಂಪ್ರೆಷನ್ ಏರಲು ಬೋರ್ ಕೆಳಗಿನ ಪ್ಯಾಕಿಂಗ್ ತೆಗೆಯಬಹುದಾ?

ಉತ್ತರ: ಬೇಡ. ಬೋರ್ ಕೆಳಗಿಳಿದು ಪೋರ್ಟ್ ಟೈಮಿಂಗ್ (ಕಿಂಡಿ ತೆರೆದು ಮುಚ್ಚುವ ಸಮಯ) ಕೆಡುತ್ತದೆ.

ಪ್ರಶ್ನೆ (ಬೇಲೂರು): ಹಳೇ ಸೀಲ್ ಪೆಟ್ರೋಲ್‌ನಲ್ಲಿ ನೆನೆಸಿದರೆ ಸರಿಹೋಗುತ್ತದಂತೆ, ನಿಜವೇ?

ಉತ್ತರ: ಶುದ್ಧ ಸುಳ್ಳು. ಕೇಸ್ ಬಿಚ್ಚಿದ ಪ್ರತಿ ಸಲವೂ ಹೊಸದೇ ಹಾಕಿ.

ಪ್ರಶ್ನೆ (ಹಾಸನ): ಸೀಲ್ ಹೊಸದೇ ಇದೆ. ಆದರೂ ಟೆಸ್ಟ್ ಬೇಕಾ?

ಉತ್ತರ: ಬೇಕು. ಕೂರಿಸುವಾಗ ತುಟಿ ಮಡಚಿಕೊಂಡರೆ ಹೊರಗಿನಿಂದ ಕಾಣುವುದಿಲ್ಲ.