ಮೊಳೆಯಿಲ್ಲದ ಬೆಂಚು: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಎರಡು ವರ್ಷದ ಹಿಂದೆ ಗಾಳಿಮಳೆಗೆ ಉರುಳಿದ ಹಿತ್ತಿಲ ಹಲಸಿನ ಮರವನ್ನು ಕೊಯ್ಯಿಸಿ, ಒಂದೂವರೆ ಇಂಚು ದಪ್ಪದ ಹಲಗೆಗಳನ್ನು ಅಟ್ಟದ ಮೇಲೆ ಇಟ್ಟಿದ್ದೇವೆ. ಜಗಲಿಗೆ ಒಂದು ಬೆಂಚು ಮಾಡುವ ಆಸೆ. ಪರಿಚಯದ ಬಡಗಿಯೊಬ್ಬರು ಸ್ಕ್ರೂ, ಅಂಟು ಹಾಕಿ ಒಂದೇ ದಿನದಲ್ಲಿ ಮುಗಿಸಿಕೊಡುತ್ತೇನೆ ಎನ್ನುತ್ತಾರೆ. ಹಳೆಯ ಕ್ರಮದಲ್ಲಿ ಮೊಳೆಯಿಲ್ಲದೆ ಮಾಡುವುದರಿಂದ ನಿಜವಾದ ಲಾಭವಿದೆಯೇ, ಅಥವಾ ಅದು ಬರಿಯ ಹಠವೇ? ಲಾಭವಿದ್ದರೆ, ಕೆಲಸಕ್ಕೆ ಹೊಸಬನಾದ ನಾನು ಯಾವ ವಿನ್ಯಾಸವನ್ನು ಆರಿಸಿಕೊಳ್ಳಲಿ? (ಓದುಗರೊಬ್ಬರು, ಶಿರಸಿ)

ಉತ್ತರ: ಸ್ಕ್ರೂ ಹಾಕಿದ ಬೆಂಚೂ ಚೆನ್ನಾಗಿಯೇ ಬಾಳಬಹುದು; ಅದನ್ನು ಹೀಗಳೆಯಬೇಕಾಗಿಲ್ಲ. ಆದರೆ ನಿಮ್ಮ ಕಡೆಯ ಹವೆಯಲ್ಲಿ ಮರವು ಮಳೆಗಾಲದಲ್ಲಿ ತೇವ ಹೀರಿ ಹಿಗ್ಗುತ್ತದೆ, ಬೇಸಿಗೆಯಲ್ಲಿ ಕುಗ್ಗುತ್ತದೆ. ಈ ಹಿಗ್ಗುಕುಗ್ಗು ಎಳೆಯ, ಅಂದರೆ ಮರದ ನಾರಿನ, ಉದ್ದಕ್ಕೆ ಲೆಕ್ಕಕ್ಕೇ ಸಿಗದಷ್ಟು ಕಡಿಮೆ. ಅಗಲದಲ್ಲಿ ಮಾತ್ರ, ಒಂದು ಅಡಿಯ ಹಲಗೆಗೆ ಒಂದು ನೂಲು, ಅಂದರೆ ಇಂಚಿನ ಎಂಟನೇ ಒಂದು ಪಾಲು ವ್ಯತ್ಯಾಸವಾಗುವುದು ಅಪರೂಪವೇನಲ್ಲ. ಹಲಗೆಯ ಅಡಿಗೆ ಅಡ್ಡಪಟ್ಟಿಯಿಟ್ಟು ಸ್ಕ್ರೂಗಳಿಂದ ಬಿಗಿದುಬಿಟ್ಟರೆ, ಹಲಗೆ ಅಗಲದಲ್ಲಿ ಕುಗ್ಗಲು ಹೊರಟಾಗ ಪಟ್ಟಿ ಬಿಡುವುದಿಲ್ಲ, ಕೊನೆಗೆ ಹಲಗೆಯೇ ಎಳೆಯ ಗುಂಟ ಸೀಳುತ್ತದೆ. ಹಳೆಯ ಜೋಡಣೆಯ ಲಾಭವಿರುವುದು ಇಲ್ಲಿಯೇ: ಸರಿಯಾಗಿ ಯೋಚಿಸಿ ಮಾಡಿದರೆ ಅದು ಮರವನ್ನು ಬಿಗಿಯಾಗಿ ಹಿಡಿದೂ ಅದರ ಚಲನೆಗೆ ಅಡ್ಡ ಬರುವುದಿಲ್ಲ. ಮೊಳೆ ಇಲ್ಲವೆಂಬುದಷ್ಟೇ ಹೆಚ್ಚುಗಾರಿಕೆಯಲ್ಲ. ಎಳೆಗಳ ದಿಕ್ಕನ್ನು ತಪ್ಪಾಗಿ ಜೋಡಿಸಿದರೆ ಮೊಳೆಯಿಲ್ಲದ ಬೆಂಚೂ ಬಿರಿಯುತ್ತದೆ.

ಹೊಸಬರಿಗೆ ನಾನು ಸೂಚಿಸುವುದು ನಾಲ್ಕೇ ತುಂಡುಗಳ ಬೆಂಚು: ಮೇಲೆ ಕೂರುವ ಹಲಗೆ, ಎರಡು ತುದಿಗಳಲ್ಲಿ ನಿಂತ ಹಲಗೆಗಳೇ ಕಾಲುಗಳು, ಅವೆರಡನ್ನೂ ಕೂಡಿಸುವ ಒಂದು ನಡುಪಟ್ಟಿ. ನಾಲ್ಕು ಕಂಬದಂಥ ಕಾಲುಗಳ ಬೆಂಚು ನೋಡಲು ಹಗುರವಾಗಿದ್ದರೂ ಅದರಲ್ಲಿ ಜೋಡಣೆಗಳು ಬಹಳ. ಹಲಗೆಗಾಲಿನ ಬೆಂಚಿನಲ್ಲಿ ಮೇಲಿನ ಹಲಗೆಯ ಅಗಲ, ಕಾಲಿನ ಅಗಲ ಎರಡೂ ಒಂದೇ ದಿಕ್ಕಿನಲ್ಲಿರುವುದರಿಂದ ಅವು ಹೆಚ್ಚುಕಡಿಮೆ ಒಟ್ಟಿಗೇ ಹಿಗ್ಗುತ್ತವೆ, ಒಟ್ಟಿಗೇ ಕುಗ್ಗುತ್ತವೆ. ಉದ್ದ ನಾಲ್ಕೂವರೆ ಅಡಿ, ಅಗಲ ಹನ್ನೆರಡು ಇಂಚು, ಎತ್ತರ ಹದಿನೇಳೂವರೆ ಇಂಚು ಇದ್ದರೆ ಇಬ್ಬರು ಆರಾಮವಾಗಿ ಕೂರಬಹುದು. ಕಾಲುಗಳನ್ನು ತುದಿಯಿಂದ ಎಂಟೊಂಬತ್ತು ಇಂಚು ಒಳಗೆ ನಿಲ್ಲಿಸಿ. ಕಾಲಿನ ತುದಿಯನ್ನು ತೂರಿಸಿ ಬೆಣೆ ಹೊಡೆಯುವ ತೂತನ್ನು ತೀರ ಅಂಚಿಗೆ ತೆಗೆದರೆ ಅದರಾಚೆಗೆ ಉಳಿಯುವ ಗಿಡ್ಡ ಎಳೆಯ ಭಾಗ ಬೆಣೆಯ ಒತ್ತಡಕ್ಕೆ ಕಿತ್ತುಬರುತ್ತದೆ.

ಕಾಲಿನ ಮೇಲ್ತುದಿಯಲ್ಲಿ ಅಗಲವಾದ ಒಂದೇ ನಾಲಗೆಯ (ಇನ್ನೊಂದು ಮರದ ತೂತಿಗೆ ತೂರುವಂತೆ ಬಿಡಿಸಿದ ತುದಿಯ) ಬದಲು ಎರಡೂವರೆ ಇಂಚಿನ ಎರಡು ನಾಲಗೆಗಳನ್ನು ಬಿಡಿಸಿ. ಅಗಲವಾದ ಒಂದೇ ತೂತು ಮೇಲಿನ ಹಲಗೆಯ ಎಳೆಗಳನ್ನೆಲ್ಲ ಕತ್ತರಿಸಿಹಾಕುತ್ತದೆ. ಎರಡು ಸಣ್ಣ ತೂತುಗಳಾದರೆ ನಡುವೆ ಗಟ್ಟಿಮರ ಉಳಿಯುತ್ತದೆ. ಒಂದೂವರೆ ಇಂಚಿನ ಕಾಲಿಗೆ ಒಂದು ಇಂಚು ದಪ್ಪದ ನಾಲಗೆ ಸಾಕು. ಎರಡೂ ಬದಿಗೆ ಉಳಿಯುವ ಎರಡೆರಡು ನೂಲಿನ ಹೆಗಲು ಹಲಗೆಯ ಅಡಿಗೆ ಒರಗಿ ಭಾರ ಹೊರುತ್ತದೆ. ಚೌಕಟ್ಟಿನ ಕೆಲಸದಲ್ಲಿ ನಾಲಗೆ ಮರದ ದಪ್ಪದ ಮೂರನೇ ಒಂದು ಭಾಗವಿರಬೇಕೆಂದು ಬಡಗಿಗಳು ಹೇಳುವುದುಂಟು. ಅಗಲವಾದ ಹಲಗೆಗೆ ತೂತು ತೆಗೆಯುವಾಗ ಆ ಲೆಕ್ಕ ಅಗತ್ಯವಿಲ್ಲ.

ನಡುಪಟ್ಟಿ ನಾಲ್ಕು ಇಂಚು ಅಗಲವಿರಲಿ. ಅದರ ನಾಲಗೆ ಕಾಲಿನ ಮೂಲಕ ಹಾದು ಹೊರಗೆ ಮೂರು ಇಂಚು ಚಾಚಿಕೊಳ್ಳಬೇಕು. ಚಾಚಿದ ಭಾಗದಲ್ಲಿ ಒಂದು ತೂತು ತೆಗೆದು ಮೇಲಿನಿಂದ ಬೆಣೆ ಇಳಿಸಬೇಕು. ಈ ತೂತಿನ ಒಳ ಅಂಚು ಕಾಲಿನ ಹೊರಮೈಗೆ ಸಮನಾಗಿರದೆ, ಒಂದು ನೂಲು ಕಾಲಿನೊಳಕ್ಕೇ ಸರಿದಿರಬೇಕು. ಸಮನಾಗಿದ್ದರೆ ಬೆಣೆ ತೂತಿನ ಅಂಚಿಗೆ ತಾಗಿ ನಿಲ್ಲುತ್ತದೆಯೇ ಹೊರತು ಕಾಲನ್ನು ಒಳಕ್ಕೆ ಒತ್ತುವುದಿಲ್ಲ. ಬೇಸಿಗೆಯಲ್ಲಿ ಬೆಂಚು ಅಲುಗಾಡತೊಡಗಿದರೆ ಬೆಣೆಗೆ ಕೊಡತಿಯಿಂದ ಒಂದೇಟು ಹಾಕಿದರಾಯಿತು.

ಪ್ರಶ್ನೆ: ನಾಲಗೆಯ ತಲೆಗೆ ಬೆಣೆ ಹೊಡೆದಾಗ ಕೂರುವ ಹಲಗೆಯೇ ಸೀಳಿತು. ಮರ ಚೆನ್ನಾಗಿಯೇ ಒಣಗಿತ್ತು. ಕಾರಣವೇನು? (ಓದುಗರೊಬ್ಬರು, ಪುತ್ತೂರು)

ಉತ್ತರ: ಬೆಣೆಯ ದಿಕ್ಕು ತಪ್ಪಿರುವ ಸಾಧ್ಯತೆಯೇ ಹೆಚ್ಚು. ಬೆಣೆ ಯಾವಾಗಲೂ ಹಲಗೆಯ ಎಳೆಗೆ ಅಡ್ಡವಾಗಿ ಕೂರಬೇಕು. ಆಗ ಅದರ ಒತ್ತಡ ಎಳೆಯ ಉದ್ದಕ್ಕೆ ಬೀಳುತ್ತದೆ, ಆ ದಿಕ್ಕಿನಲ್ಲಿ ಮರ ಬಲವಾಗಿರುತ್ತದೆ. ಎಳೆಗೆ ಸಮವಾಗಿ ಬೆಣೆ ಹೊಡೆಯುವುದೆಂದರೆ ಸೌದೆ ಸೀಳಿದ ಹಾಗೆಯೇ. ನಾಲಗೆಯಲ್ಲಿ ಗರಗಸದಿಂದ ಸೀಳು ಹಾಕುವಾಗ ಮುಕ್ಕಾಲು ಭಾಗಕ್ಕೆ ನಿಲ್ಲಿಸಿ, ಸೀಳಿನ ಕೊನೆಯಲ್ಲಿ ಬೈರಿಗೆಯಿಂದ ಸಣ್ಣ ರಂಧ್ರ ಮಾಡಿದರೆ ಬಿರುಕು ಕೆಳಗಿಳಿಯುವುದಿಲ್ಲ. ಹಲಗೆಯ ತೂತನ್ನೂ ಮೇಲ್ಮೈಯಲ್ಲಿ, ಬೆಣೆ ಒತ್ತುವ ಎರಡು ಬದಿಗಳಿಗೆ, ಅರ್ಧ ನೂಲಿನಷ್ಟು ಅಗಲಿಸಿಕೊಳ್ಳಿ. ಬೆಣೆ ಬಿದ್ದಾಗ ನಾಲಗೆಯ ತಲೆ ಅರಳಿ ಆ ಜಾಗವನ್ನು ತುಂಬುತ್ತದೆ, ಮತ್ತೆ ಕೆಳಗೆ ಜಾರಲಾರದು. ಹೀಗೆ ಕೂತ ಜೋಡಣೆಗೆ ಅಂಟಿನ ಅಗತ್ಯ ನನಗಂತೂ ಕಾಣುವುದಿಲ್ಲ. ಹಾಕಿದರೆ ತಪ್ಪೂ ಅಲ್ಲ.

ಪ್ರಶ್ನೆ: ಹಲಗೆ ಒಣಗಿದೆಯೇ ಎಂದು ಯಂತ್ರವಿಲ್ಲದೆ ತಿಳಿಯುವುದು ಹೇಗೆ? (ಓದುಗರೊಬ್ಬರು, ತೀರ್ಥಹಳ್ಳಿ)

ಉತ್ತರ: ನೆರಳಿನಲ್ಲಿ ಒಂದು ಇಂಚು ದಪ್ಪಕ್ಕೆ ಒಂದು ವರ್ಷ ಎಂಬುದು ಅಂದಾಜಿನ ಲೆಕ್ಕವಷ್ಟೇ, ಹಲಗೆಗಳ ನಡುವೆ ರೀಪು ಇಟ್ಟು ಗಾಳಿಯಾಡಲು ಬಿಡದಿದ್ದರೆ ಆ ಲೆಕ್ಕವೂ ಸುಳ್ಳಾಗುತ್ತದೆ. ಹಲಗೆಯ ತುದಿಯಿಂದ ಒಂದಡಿ ಬಿಟ್ಟು ಸಣ್ಣ ತುಂಡೊಂದನ್ನು ಕೊಯ್ದು, ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ತೂಗಿ, ತೂಕವನ್ನು ಅದರ ಮೇಲೆಯೇ ಬರೆದು, ಬೆಂಚು ಇರಬೇಕಾದ ಜಾಗದಲ್ಲಿಯೇ ಇಡಿ. ವಾರಕ್ಕೊಮ್ಮೆ ತೂಗಿದಾಗ ತೂಕ ಇಳಿಯುವುದು ನಿಂತಿದ್ದರೆ ಹಲಗೆ ಕೆಲಸಕ್ಕೆ ಸಿದ್ಧ. ಮಳೆಗಾಲದ ನಡುವೆ ಈ ಪರೀಕ್ಷೆ ಮಾಡಿ ಪ್ರಯೋಜನವಿಲ್ಲ.

ಪ್ರಶ್ನೆ: ಹಳೆಯ ಮನೆ ಕೆಡವಿದ ಕಡೆಯಿಂದ ತೇಗವೆಂದು ತೊಲೆ ಕೊಂಡಿದ್ದೇನೆ. ನಂಬಬಹುದೇ? (ಓದುಗರೊಬ್ಬರು, ಬೆಂಗಳೂರು)

ಉತ್ತರ: ಬಣ್ಣ ನೋಡಿ ನಂಬಬೇಡಿ. ಮಲ್ಲೇಶ್ವರದಲ್ಲಿರುವ ಇನ್‌ಸ್ಟಿಟ್ಯೂಟ್ ಆಫ್ ವುಡ್ ಸೈನ್ಸ್ ಅಂಡ್ ಟೆಕ್ನಾಲಜಿಯಲ್ಲಿ ಮರದ ಮಾದರಿಯಿಂದ ಜಾತಿಯನ್ನು ಗುರುತಿಸುತ್ತಾರೆ. ತೋಪಡ ಹಾಕಿ ಮೈ ನಯಮಾಡುವ ಮೊದಲು ತೊಲೆಯ ಮೇಲೆಲ್ಲ ಅಯಸ್ಕಾಂತ ಆಡಿಸಿ. ಮುರಿದು ಒಳಗೇ ಉಳಿದ ಹಳೆಯ ಮೊಳೆಯೊಂದು ಸಾಕು, ಅಲಗು ಹಾಳಾಗಲು.

ಪ್ರಶ್ನೆ: ಬೆಂಚಿಗೆ ಗೇರೆಣ್ಣೆ (ಗೇರುಬೀಜದ ಸಿಪ್ಪೆಯ ಎಣ್ಣೆ) ಬಳಿಯಬಹುದೇ? (ಓದುಗರೊಬ್ಬರು, ಕುಂದಾಪುರ)

ಉತ್ತರ: ಗೆದ್ದಲಿನ ಭಯವಿದ್ದರೆ ನೆಲಕ್ಕೆ ತಾಗುವ ಕಾಲಿನ ಅಡಿಗೆ ಬಳಿಯಿರಿ, ಕೂರುವ ಹಲಗೆಗೆ ಬೇಡ. ಅದು ಚರ್ಮಕ್ಕೆ ತಾಗಿದರೆ ಬೊಬ್ಬೆ ಏಳುತ್ತದೆ, ಆದ್ದರಿಂದ ಬಳಿಯುವಾಗಲೂ ಕೈಗವಸು ಇರಲಿ. ಮೇಲ್ಭಾಗಕ್ಕೆ ಅಗಸೆ ಎಣ್ಣೆಯನ್ನು ತೆಳುವಾಗಿ ಹಚ್ಚಿ, ಅರ್ಧ ಗಂಟೆಯ ನಂತರ ಹೆಚ್ಚಾದದ್ದನ್ನು ಒರೆಸಿ, ಒಣಗಿದ ಮೇಲೆ ಮತ್ತೆ ಹಚ್ಚಿ. ಒರೆಸಿದ ಬಟ್ಟೆಯನ್ನು ಮುದುರಿ ಮೂಲೆಗೆ ಎಸೆಯಬೇಡಿ; ಆ ಎಣ್ಣೆ ಒಣಗುವಾಗ ಕಾವು ಹುಟ್ಟಿ, ಮುದ್ದೆಯಾದ ಬಟ್ಟೆಗೆ ತಾನಾಗಿಯೇ ಬೆಂಕಿ ಹತ್ತುವುದುಂಟು. ಅದನ್ನು ಬಿಡಿಸಿ ಬಯಲಿನಲ್ಲಿ ಹರಡಿ ಒಣಗಿಸಿ, ಅಥವಾ ನೀರು ತುಂಬಿದ ಡಬ್ಬದಲ್ಲಿ ಹಾಕಿಡಿ.